ಗದ್ದೆಯ ಪ್ಲಾಟೋ, ಮಸಾರಿ ದಿಬ್ಬದ ಪ್ಲಾಟೋ? ಸಿಂಧನೂರಿನ ಅಂಚಿನಲ್ಲಿ ಮನೆ ಜಾಗ ಆರಿಸುವ ಬಗೆ

ಪ್ರಶ್ನೆ: ಸಿಂಧನೂರಿನ ಹೊರವಲಯದಲ್ಲಿ ಮನೆ ಕಟ್ಟಲು 30×40 ಅಡಿಯ ಪ್ಲಾಟ್ ನೋಡುತ್ತಿದ್ದೇವೆ. ಒಂದು, ಉಪಕಾಲುವೆಯ ಕೆಳಗಿನ ಭತ್ತದ ಗದ್ದೆಯಲ್ಲಿ ಮಾಡಿದ ಹೊಸ ಲೇಔಟ್. ಊರಿಗೆ ಹತ್ತಿರ, ರೇಟು ಕಡಿಮೆ, ಕೆಂಪು ಮಣ್ಣು ಹಾಕಿ ಚೆನ್ನಾಗಿ ಸಮ ಮಾಡಿದ್ದಾರೆ. ಇನ್ನೊಂದು ಎರಡು ಕಿಲೋಮೀಟರ್ ಆಚೆ, ಮಸಾರಿ, ಅಂದರೆ ಕೆಂಪು ಮಣ್ಣಿನ ದಿಬ್ಬದ ಮೇಲೆ. ರೇಟು ಮೂರನೇ ಒಂದರಷ್ಟು ಜಾಸ್ತಿ. ಯಾವುದು ತಗೋಬೇಕು? ಮುಂಗಡ ಕೊಡುವ ಮೊದಲು ಏನೇನು ನೋಡಬೇಕು?

ಉತ್ತರ: ಕಾಗದಪತ್ರ ಎರಡಕ್ಕೂ ಸರಿಯಿದ್ದರೆ ದಿಬ್ಬದ ಪ್ಲಾಟನ್ನೇ ತಗೊಳ್ಳಿ. ಮೂರನೇ ಒಂದರಷ್ಟು ಹೆಚ್ಚು ಕೊಟ್ಟರೂ ಕೊನೆಗೆ ಅದೇ ಅಗ್ಗ. ಗದ್ದೆಯ ಪ್ಲಾಟಿನಲ್ಲಿ ಉಳಿದ ದುಡ್ಡು ಮೊದಲು ಬುನಾದಿಗೆ ಹೋಗುತ್ತದೆ, ಆಮೇಲೆ ತುಂಬುವ ಗರಸಿಗೆ (ಹರಳು ಬೆರೆತ ಗಟ್ಟಿ ಮಣ್ಣು), ಮನೆ ಕಟ್ಟಿದ ಮೇಲೆ ಮತ್ತೆ ಮತ್ತೆ ಗಿಲಾವು, ಬಣ್ಣ, ಬಾಗಿಲು ರಿಪೇರಿಗೆ. ಹಾಗಂತ ಬರೀ ಕಣ್ಣಿಗೆ ಎತ್ತರ ಕಂಡಿತೆಂದು ದಿಬ್ಬವನ್ನೂ ನಂಬುವ ಹಾಗಿಲ್ಲ. ಎರಡನ್ನೂ ಪರೀಕ್ಷೆ ಮಾಡಿಯೇ ತೀರ್ಮಾನಿಸಬೇಕು.

ಮೊದಲು ಮಣ್ಣಿನ ಮಾತು. ನಿಮ್ಮ ಭಾಗದ ಎರೆ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಎರೆ ಹೊಲದ ಬಿರುಕಿನೊಳಗೆ ಕೈ ಇಳಿಯುವುದನ್ನು ನೀವೇ ನೋಡಿರುತ್ತೀರಿ. ಈ ಉಬ್ಬು-ಕುಗ್ಗು ಮೇಲಿನ ಒಂದೆರಡು ಅಡಿಯ ಆಟವಲ್ಲ, ಸುಮಾರು 3.5 ಮೀಟರ್, ಅಂದರೆ ಹನ್ನೊಂದೂವರೆ ಅಡಿಯವರೆಗೂ ನಡೆಯುತ್ತದೆ. ಆದ್ದರಿಂದ ನಾಲ್ಕು ಅಡಿ ಆಳಕ್ಕೆ ಕಲ್ಲು ಬುನಾದಿ ಹಾಕಿ ಗಟ್ಟಿಯಾಯಿತು ಅಂದುಕೊಂಡರೆ, ಆ ಬುನಾದಿಯೂ ಮಣ್ಣಿನ ಜೊತೆಗೆ ಏರುತ್ತದೆ, ಇಳಿಯುತ್ತದೆ. ಇಡೀ ಮನೆ ಒಂದೇ ಸಮ ಏರಿಳಿದರೆ ತೊಂದರೆ ಕಡಿಮೆ. ಆದರೆ ಬಚ್ಚಲ ಕಡೆಯ ಮಣ್ಣು ಸದಾ ಹಸಿ, ಬಿಸಿಲು ಬೀಳುವ ಪಶ್ಚಿಮದ ಗೋಡೆಯ ಬುಡ ಸದಾ ಒಣ. ಒಂದು ಮೂಲೆ ಏರಿ ಇನ್ನೊಂದು ಕುಸಿದಾಗ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ.

ಇದಕ್ಕೆ ಕಾಲುವೆ ಸೇರಿದರೆ ಸಮಸ್ಯೆ ಇಮ್ಮಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಾಮಾನ್ಯವಾಗಿ ಜುಲೈ ಹೊತ್ತಿಗೆ ಬರುತ್ತದೆ. ಮೊದಲ ಬೆಳೆ ಮುಗಿಯುವ ತನಕ ಗದ್ದೆಗಳಲ್ಲಿ ನೀರು ನಿಂತಿರುತ್ತದೆ, ಜಲಾಶಯದಲ್ಲಿ ಉಳಿದಿದ್ದರೆ ಎರಡನೇ ಬೆಳೆಗೂ ಬಿಡುತ್ತಾರೆ. ಉಪಕಾಲುವೆಗಳನ್ನು ಎತ್ತರದ ಏಣಿನ ಮೇಲೆ ತಂದಿರುವುದರಿಂದ ಅವುಗಳ ಕೆಳಗಿನ ಜಮೀನಿಗೆ ಕಾಲುವೆಯ ಬಸಿನೀರೂ ಸುತ್ತಲ ಗದ್ದೆಗಳ ನೀರೂ ನೆಲದೊಳಗಿಂದಲೇ ಇಳಿದು ಬರುತ್ತವೆ. ನಿಮ್ಮ ಪ್ಲಾಟಿನಲ್ಲಿ ನೆಲ್ಲು ಹಚ್ಚುವುದು ನಿಂತಿರಬಹುದು, ಪಕ್ಕದ ಇಪ್ಪತ್ತು ಎಕರೆಯಲ್ಲಿ ನಿಂತಿಲ್ಲವಲ್ಲ. ಹೀಗೆ ವರ್ಷಗಟ್ಟಲೆ ನೀರು ನಿಂತು, ಬೇಸಿಗೆಯಲ್ಲಿ ಆವಿಯಾಗಿ, ಉಪ್ಪು ಮೇಲೆ ಬಂದು ಕೂತ ಜಮೀನನ್ನೇ ನಮ್ಮ ರೈತರು ಸವಳು-ಜವಳು ಅನ್ನುವುದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಮಣ್ಣಿನ ಮೇಲೆಯೇ ಬಹುಕಾಲದಿಂದ ಕೆಲಸ ನಡೆದಿದೆ ಎಂದರೆ ಅಚ್ಚುಕಟ್ಟು ಪ್ರದೇಶದಲ್ಲಿ ಇದು ಎಷ್ಟು ದೊಡ್ಡ ಪ್ರಶ್ನೆ ಎಂದು ತಿಳಿಯುತ್ತದೆ.

ಅದಕ್ಕೇ ಗದ್ದೆಯ ಪ್ಲಾಟನ್ನು ಬೇಸಿಗೆಯಲ್ಲಿ ಮಾತ್ರ ನೋಡಿ ಕೊಳ್ಳಬೇಡಿ. ಮಾರುವವರು ತೋರಿಸುವುದೇ ಬೇಸಿಗೆಯಲ್ಲಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಕಾಲುವೆ ತುಂಬಿ ಹರಿಯುವಾಗ, ಅದೇ ಜಾಗದಲ್ಲಿ ನಿಂತು ನೋಡಿ. ಎರಡನೇ ಬೆಳೆಗೆ ನೀರು ಬಿಡದ ವರ್ಷದಲ್ಲಿ ಅಂತರ್ಜಲ ಇಳಿದಿರುತ್ತದೆ, ಅಂಥ ವರ್ಷದ ಅಳತೆ ನಂಬಬೇಡಿ. ಕಾಲುವೆಯ ಗ್ಯಾಂಗ್‌ಮನ್‌ಗಳನ್ನು, ಪಕ್ಕದ ಗದ್ದೆಯವರನ್ನು ಕೇಳಿ: ಈ ಸರ್ವೆ ನಂಬರಿನಲ್ಲಿ ಬೇಸಿಗೆ ಉಳುಮೆಗೆ ಟ್ರ್ಯಾಕ್ಟರ್ ಯಾವಾಗ ಇಳಿಯುತ್ತಿತ್ತು, ಹೂಳುತ್ತಿತ್ತೇ, ಬಸಿಗಾಲುವೆ ಎಲ್ಲಿತ್ತು? ಲೇಔಟ್ ಮಾಡುವಾಗ ಮೊದಲು ಮುಚ್ಚಿ ಹೋಗುವುದೇ ಹಳೆಯ ಬಸಿಗಾಲುವೆ. ಅದು ಮುಚ್ಚಿದರೂ ನೀರು ಅದೇ ದಾರಿ ಹಿಡಿಯುತ್ತದೆ, ಆ ಸಾಲಿನ ಮೇಲೆ ಬಿದ್ದ ಪ್ಲಾಟುಗಳಲ್ಲೇ ತೇವ ಹೆಚ್ಚು.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಜೇಕು, ಆಪಿನಂಥ ಜೌಗು ನೆಲದ ಹುಲ್ಲು ಬೆಳೆದಿದ್ದರೆ ನೀರು ಮೇಲೆಯೇ ಇದೆ. ಬೇಸಿಗೆಯಲ್ಲಿ ಬದುವಿನ ಮೇಲೆ ಬಿಳಿ ಪೊರೆ ಕಂಡರೆ ಉಪ್ಪಿದೆ. ವಿದ್ಯುತ್ ಕಂಬಗಳು ವಾಲಿದ್ದರೆ ಮಣ್ಣು ಅಲುಗುತ್ತಿದೆ. ಎಲ್ಲಕ್ಕಿಂತ ಮೇಲಾದ ಗುರುತೆಂದರೆ ಅದೇ ಬಡಾವಣೆಯಲ್ಲೋ ಪಕ್ಕದಲ್ಲೋ ಕಟ್ಟಿ ಐದಾರು ವರ್ಷವಾದ ಮನೆಗಳು. ಗೋಡೆಯ ಬುಡದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಣ್ಣ ಎದ್ದಿದೆಯೇ, ಕಾಂಪೌಂಡ್ ಗೋಡೆ ತುಂಡಾಗಿದೆಯೇ, ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಹಿಡಿಯುತ್ತದೆಯೇ, ನೆಲದ ಟೈಲ್ಸ್ ಮಧ್ಯದಲ್ಲಿ ಉಬ್ಬಿದೆಯೇ ನೋಡಿ, ಮನೆಯವರನ್ನು ಕೇಳಿ. ನಾಲ್ಕು ಮನೆ ಸುತ್ತಿದರೆ ಸಿಗುವ ತಿಳಿವಳಿಕೆ ಎಷ್ಟೋ ಸಲ ಪ್ರಯೋಗಾಲಯದ ವರದಿಗಿಂತ ಸ್ಪಷ್ಟ.

ಆ ಕೆಂಪು ಮಣ್ಣಿನ ವಿಷಯ. ಗದ್ದೆಯಲ್ಲಿ ಕೆಂಪು ಮಣ್ಣು ಕಂಡರೆ ಅದು ಎಲ್ಲಿಂದಲೋ ತಂದು ಹಾಸಿದ್ದು. ಒಂದು ಅಡಿ ಮಸಾರಿಯ ಕೆಳಗೆ ಎರೆ ಹಾಗೇ ಇರುತ್ತದೆ. ಹಾರೆಯಿಂದ ಕೆದರಿದರೆ ಸಾಲದು. ಜೆಸಿಬಿ ಕರೆಸಿ ಪ್ಲಾಟಿನ ಒಂದು ಮೂಲೆಯಲ್ಲಿ ಎಂಟರಿಂದ ಹತ್ತು ಅಡಿ ಆಳದ ಗುಂಡಿ ತೆಗೆಸಿ. ಗುಂಡಿಯ ಗೋಡೆಯನ್ನು ಮೇಲಿನಿಂದಲೇ ನೋಡಿ. ಅಷ್ಟು ಆಳದ ಎರೆ ಗುಂಡಿಯ ಗೋಡೆ ಏಕಾಏಕಿ ಕುಸಿಯುತ್ತದೆ, ಯಾರನ್ನೂ ಒಳಗೆ ಇಳಿಸಬೇಡಿ. ಎರೆ ಎಷ್ಟು ಅಡಿ, ಅದರ ಕೆಳಗೆ ಸುಣ್ಣದ ಹರಳು ಬೆರೆತ ಮಣ್ಣು ಎಷ್ಟು, ಗರಸು ಎಲ್ಲಿ ಹತ್ತಿತು ಎಂದು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ನಡುವೆ ಪ್ಲಾಸ್ಟಿಕ್, ಹುಲ್ಲು, ಇಟ್ಟಿಗೆ ಚೂರು ಕಂಡರೆ ಅದು ತುಂಬಿದ ಗುಂಡಿ, ಹಳೆಯ ಇಟ್ಟಿಗೆ ಭಟ್ಟಿಯ ಹೊಂಡವೋ ಮಣ್ಣು ತೆಗೆದ ಜಾಗವೋ ಆಗಿರುತ್ತದೆ. ಆ ಪ್ಲಾಟ್ ಬಿಟ್ಟುಬಿಡಿ. ಗುಂಡಿಯನ್ನು ಬೇಲಿ ಕಟ್ಟಿ ಒಂದು ದಿನ ಬಿಟ್ಟು, ನೀರು ಎಷ್ಟು ಆಳದಲ್ಲಿ ನಿಂತಿತು ಎಂದು ಮತ್ತೆ ಅಳೆದು, ಮುಚ್ಚಿಸಿ. ಮಾರುವವರು ಗುಂಡಿ ತೆಗೆಯಲು ಬಿಡುವುದಿಲ್ಲ ಅಂದರೆ ಅಲ್ಲಿಗೆ ನಿಮಗೆ ಉತ್ತರ ಸಿಕ್ಕಿತು.

ಗುಂಡಿಯಿಂದ ತೆಗೆದ ಎರೆಯ ಒಂದು ಮುದ್ದೆ ಪ್ರಯೋಗಾಲಯಕ್ಕೆ ಕೊಡಿ. ಉಬ್ಬುವ ಪರೀಕ್ಷೆ ಸರಳ. ಒಣಗಿಸಿ ಸಣ್ಣ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ನೀರಿರುವ ಅಳತೆಯ ಗಾಜಿನ ಜಾಡಿಗೆ, ಇನ್ನೊಂದು 10 ಗ್ರಾಂ ಅನ್ನು ಸೀಮೆಎಣ್ಣೆಯ ಜಾಡಿಗೆ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಈ ಜೇಡಿ ಉಬ್ಬುವುದಿಲ್ಲ. ಸೀಮೆಎಣ್ಣೆಯಲ್ಲಿ 10 ಮಿಲಿಲೀಟರ್ ಆಗಿ ಕೂತದ್ದು ನೀರಿನಲ್ಲಿ 18 ಆಗಿದ್ದರೆ ಉಬ್ಬು ಶೇ 80. ಶೇ 50 ದಾಟಿದರೆ ಸಾಮಾನ್ಯ ಬುನಾದಿ ಹಾಕಬಾರದು. ಜೊತೆಗೆ ಮಣ್ಣಿನ ಸಲ್ಫೇಟ್ ನೋಡಿಸಿ. ಶೇ 0.2 ಮೀರಿದರೆ ಕಾಂಕ್ರೀಟಿಗೆ ಯಾವ ಸಿಮೆಂಟ್, ಎಷ್ಟು ಎಂಬುದು ಬದಲಾಗುತ್ತದೆ, ಅದನ್ನು ಎಂಜಿನಿಯರ್ ನಿರ್ಧರಿಸಬೇಕು.

ಇನ್ನು ಎತ್ತರಿಸುವ ಲೆಕ್ಕ. ಗದ್ದೆ ರಸ್ತೆಗಿಂತ ಮೂರು ಅಡಿ ತಗ್ಗಿದ್ದರೆ 1200 ಚದರ ಅಡಿಗೆ 3600 ಘನ ಅಡಿ ಗರಸು ಬೇಕು. ನೀರು ಹಾಕಿ ದಮ್ಮಸು ಮಾಡಿದಾಗ ಕುಗ್ಗುವುದರಿಂದ ಕಾಲು ಭಾಗ ಹೆಚ್ಚು ಹಿಡಿಯಿರಿ, 4500 ಆಗುತ್ತದೆ. ಒಂದು ಬ್ರಾಸ್, ಅಂದರೆ 100 ಘನ ಅಡಿ ಹಿಡಿಯುವ ಟ್ರ್ಯಾಕ್ಟರ್ ಟ್ರಾಲಿಯ ಲೆಕ್ಕಕ್ಕೆ 45 ಲೋಡು. ಇದು ಬರೀ ರಸ್ತೆಯ ಮಟ್ಟಕ್ಕೆ ಬರಲು. ಮನೆಯ ನೆಲ ರಸ್ತೆಗಿಂತ ಕನಿಷ್ಠ ಎರಡು ಅಡಿ ಮೇಲಿರಬೇಕು, ಯಾಕೆಂದರೆ ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತ ಹೋಗುತ್ತದೆ. ಈಗಿನ ಗರಸಿನ ರೇಟು ವಿಚಾರಿಸಿ ಈ ಲೆಕ್ಕವನ್ನು ಪ್ಲಾಟಿನ ಬೆಲೆಗೆ ಸೇರಿಸಿ ನೋಡಿ. ಮೂರನೇ ಒಂದರ ವ್ಯತ್ಯಾಸದಲ್ಲಿ ಎಷ್ಟು ಉಳಿಯಿತು ಎಂದು ಗೊತ್ತಾಗುತ್ತದೆ.

ಇಷ್ಟಾದರೂ ಊರಿಗೆ ಹತ್ತಿರವಿರಬೇಕು, ಗದ್ದೆಯದ್ದೇ ಬೇಕು ಎಂದಾದರೆ ಬುನಾದಿ ಹೀಗಿರಲಿ. ಗರಸು ಐದು ಅಡಿಯೊಳಗೆ ಹತ್ತಿದರೆ ಎರೆಯನ್ನೆಲ್ಲ ದಾಟಿ ಕಾಲಂ ಪಾದಗಳನ್ನು ಗರಸಿನ ಮೇಲೆ ಕೂರಿಸಿ. ಅಲ್ಲಿ ಚಿಂತೆಯಿಲ್ಲ. ಹತ್ತು ಅಡಿಯಾದರೂ ಎರೆಯೇ ಇದ್ದರೆ ಬುಡದಲ್ಲಿ ಗಡ್ಡೆಯಿರುವ ಪೈಲ್, ನಮ್ಮ ಗುತ್ತಿಗೆದಾರರು ಅಂಡರ್ ರೀಮ್ಡ್ ಪೈಲ್ ಅನ್ನುವುದು, ಅದೇ ಸರಿಯಾದ ದಾರಿ. ಕಂಬ 30 ಸೆಂಟಿಮೀಟರ್ ಅಗಲವಿದ್ದರೆ ಗಡ್ಡೆ ಅದರ ಎರಡೂವರೆ ಪಟ್ಟು, 75 ಸೆಂಟಿಮೀಟರ್. ಆಳ ಕನಿಷ್ಠ 3.5 ಮೀಟರ್. ಪೈಲುಗಳ ಮೇಲೆ ಬರುವ ಬೀಮಿನ ತಳಕ್ಕೂ ಎರೆ ಮಣ್ಣಿಗೂ ನಡುವೆ 8 ಸೆಂಟಿಮೀಟರ್‌ನಷ್ಟು ಖಾಲಿ ಜಾಗ ಬಿಡಬೇಕು. ಮೇಸ್ತ್ರಿಗಳು ಸಾಮಾನ್ಯವಾಗಿ ತಪ್ಪುವುದು ಇಲ್ಲೇ: ಮಣ್ಣಿನ ಮೇಲೆಯೇ ಬೀಮ್ ಹಾಕಿಬಿಡುತ್ತಾರೆ. ಮಣ್ಣು ಉಬ್ಬಿದಾಗ ಬೀಮನ್ನು ಎತ್ತಿ ಒಗೆಯುತ್ತದೆ, ಪೈಲಿಗೆ ಹಾಕಿದ ದುಡ್ಡೆಲ್ಲ ವ್ಯರ್ಥ. ಕೊರೆಯುವ ಕೆಲಸ ಕಾಲುವೆ ಬಂದ್ ಇರುವ ಏಪ್ರಿಲ್-ಮೇನಲ್ಲಿ ಮುಗಿಸಿ. ನೀರು ಮೇಲೆ ಬಂದಾಗ ಕೊರೆದರೆ ಗಡ್ಡೆಯ ಜಾಗ ಕುಸಿದು ತುಂಬಿಕೊಳ್ಳುತ್ತದೆ, ಮೇಲಿನಿಂದ ಯಾರಿಗೂ ಕಾಣುವುದಿಲ್ಲ.

ಎರೆ ತೆಗೆದು ಬೇರೆ ಮಣ್ಣು ತುಂಬುವ ಪದ್ಧತಿಯೂ ನಡೆಯುತ್ತದೆ. ಸಣ್ಣ, ಒಂದೇ ಅಂತಸ್ತಿನ ಮನೆಗೆ ಅದು ಸಾಕು. ಆದರೆ ಮರಳು ತುಂಬಬೇಡಿ. ಸುತ್ತ ಎರೆ, ನಡುವೆ ಮರಳು ಎಂದರೆ ಬುನಾದಿಯ ಕೆಳಗೆ ನೀವೇ ಒಂದು ಬಾವಿ ಕಟ್ಟಿದ ಹಾಗೆ, ಮಳೆಯ ನೀರೆಲ್ಲ ಅಲ್ಲಿಗೇ ಸೇರುತ್ತದೆ. ಉಬ್ಬದ ಜಿಗುಟು ಗರಸನ್ನೇ ಆರು-ಎಂಟು ಇಂಚಿನ ಪದರವಾಗಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ಬಡಿಸಬೇಕು. ಮನೆಯ ಸುತ್ತ ನಾಲ್ಕೈದು ಅಡಿ ಅಗಲದ ಕಾಂಕ್ರೀಟ್ ಪಟ್ಟಿ, ಹೊರಗಡೆಗೆ ಇಳಿಜಾರು. ಸಂಪು, ಬಚ್ಚಲ ಪೈಪು ಗೋಡೆಯಿಂದ ದೂರ. ಬೇವು, ಅರಳಿಯಂಥ ಮರಗಳು ಬೆಳೆದರೆ ಎಷ್ಟು ಎತ್ತರವೋ ಗೋಡೆಯಿಂದ ಅಷ್ಟು ದೂರವಿರಲಿ, ಅವುಗಳ ಬೇರು ಮಣ್ಣನ್ನು ಒಣಗಿಸಿ ಒಂದು ಕಡೆ ಕುಸಿಸುತ್ತದೆ.

ಶೌಚದ ಗುಂಡಿ ಗದ್ದೆಯ ಪ್ಲಾಟಿನ ಇನ್ನೊಂದು ಕೊರತೆ. ಒಳಚರಂಡಿ ಬರುವ ತನಕ ಸೆಪ್ಟಿಕ್ ಟ್ಯಾಂಕೇ ಗತಿ, ಅದರ ನೀರು ಇಂಗಬೇಕಲ್ಲ? ಎರೆಯಲ್ಲಿ ಇಂಗುವುದಿಲ್ಲ, ಅಂತರ್ಜಲ ಮೇಲಿದ್ದಾಗ ಹೊರಗಿನ ನೀರೇ ಗುಂಡಿಗೆ ಬರುತ್ತದೆ. ಪರೀಕ್ಷೆ ಮಾಡಲು ಇಂಗುಗುಂಡಿ ಬರುವ ಆಳದಲ್ಲಿ ಒಂದು ಅಡಿ ಅಗಲದ ಸಣ್ಣ ಗುಂಡಿ ತೋಡಿ, ರಾತ್ರಿಯೆಲ್ಲ ನೀರು ಕುಡಿಸಿ, ಮರುದಿನ ನೀರು ತುಂಬಿ 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕೆಂದು ನೋಡಿ. ಒಂದು ಗಂಟೆ ದಾಟಿದರೆ ಅಲ್ಲಿ ಇಂಗುಗುಂಡಿ ಕೆಲಸ ಮಾಡದು, ಮಳೆಗಾಲದುದ್ದಕ್ಕೂ ಟ್ಯಾಂಕರ್ ಕರೆಸಬೇಕಾಗುತ್ತದೆ.

ದಿಬ್ಬದ ಪ್ಲಾಟಿಗೂ ತನ್ನದೇ ತೊಡಕುಗಳಿವೆ. ಎರಡು ಮೂರು ಅಡಿಗೇ ಬಂಡೆ ಹತ್ತಿದರೆ ಬುನಾದಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಸಂಪಿಗೂ ಸೆಪ್ಟಿಕ್ ಟ್ಯಾಂಕಿಗೂ ಬ್ರೇಕರ್ ಹಚ್ಚಿ ಒಡೆಸಬೇಕು, ಖರ್ಚು ಮೊದಲೇ ವಿಚಾರಿಸಿ. ಅಲ್ಲೂ ಗುಂಡಿ ತೆಗೆಸಲೇಬೇಕು, ಗರಸು ಅಗೆದು ಸಾಗಿಸಿದ ಹೊಂಡಗಳನ್ನು ಕಸ ತುಂಬಿ ಮುಚ್ಚಿ ಪ್ಲಾಟ್ ಮಾಡಿರುವುದು ಅಪರೂಪವೇನಲ್ಲ. ನಗರಸಭೆಯ ನಲ್ಲಿ ನೀರು ಎತ್ತರಕ್ಕೆ ಏರುವುದು ಕಷ್ಟ, ಆದ್ದರಿಂದ ಮುಖ್ಯ ಪೈಪ್‌ಲೈನ್ ಎಲ್ಲಿಗೆ ಬಂದು ನಿಂತಿದೆ, ಲೇಔಟಿನ ಮೇಲ್ತೊಟ್ಟಿ ಕಟ್ಟಿ ಜೋಡಿಸಿದ್ದಾರೆಯೇ ಅಥವಾ ನಕ್ಷೆಯಲ್ಲಿ ಮಾತ್ರ ಇದೆಯೇ ಎಂದು ಹೋಗಿ ನೋಡಿ. ಬೋರ್‌ವೆಲ್ ನಂಬಿಕೊಂಡರೆ ನೀರನ್ನು ಪರೀಕ್ಷಿಸಿ. ರಾಯಚೂರು, ಕೊಪ್ಪಳ, ಬಳ್ಳಾರಿಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಕುಡಿಯಲು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ಮಕ್ಕಳಿರುವ ಮನೆಯಲ್ಲಿ 1ರೊಳಗೆ ಇದ್ದರೆ ಒಳ್ಳೆಯದು. ಅದೇ ನೀರಿನಲ್ಲಿ ಕಾಂಕ್ರೀಟ್ ಕಲಸುವುದಾದರೆ ಕ್ಲೋರೈಡ್ 500 ಮಿಲಿಗ್ರಾಂ ಒಳಗಿರಬೇಕು, ಇಲ್ಲವಾದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ಎರಡೂ ಕಡೆ ಕೇಳಬೇಕಾದ ಪ್ರಶ್ನೆ: ಬಡಾವಣೆಯ ಮಳೆನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ? ಚರಂಡಿ ಅಚ್ಚುಕಟ್ಟಾಗಿ ಕಟ್ಟಿರುತ್ತಾರೆ, ಅದರ ಬಾಯಿ ಪಕ್ಕದವರ ಹೊಲಕ್ಕೆ ಬಿಟ್ಟಿರುತ್ತಾರೆ. ಆ ರೈತರು ಒಂದು ದಿನ ಬದು ಹಾಕಿದರೆ ನೀರು ನಿಮ್ಮ ಬೀದಿಗೆ ತಿರುಗುತ್ತದೆ, ಹಾಗೆ ಮಾಡುವ ಹಕ್ಕೂ ಅವರಿಗಿದೆ. ಚರಂಡಿಯ ಜೊತೆ ನಡೆದುಕೊಂಡೇ ಹೋಗಿ ಸರ್ಕಾರಿ ಹಳ್ಳಕ್ಕೆ ಸೇರುವ ತನಕ ನೋಡಿ. ಹತ್ತಿರದಲ್ಲಿ ಹಳ್ಳವಿದ್ದರೆ 2009ರ ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಮೊದಲಿನ ಮಹಾಮಳೆಯಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಎಂದು ಹಿರಿಯರನ್ನು ಕೇಳಿ, ಆ ಗುರುತಿಗೂ ನಿಮ್ಮ ಪ್ಲಾಟಿಗೂ ಇರುವ ಎತ್ತರವನ್ನು ಮೇಸ್ತ್ರಿಗಳು ಮಟ್ಟ ನೋಡುವ ನೀರು ಪೈಪಿನಿಂದ ಅಳೆಸಿ.

ಗಾಳಿಯ ದಿಕ್ಕನ್ನು ಜನ ಮರೆಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ-ನೈಋತ್ಯದಿಂದ ಜೋರಾಗಿ ಬೀಸುತ್ತದೆ. ರೈಸ್ ಮಿಲ್ ನಿಮ್ಮ ಪ್ಲಾಟಿನ ಪಶ್ಚಿಮಕ್ಕಿದ್ದರೆ ಹೊಟ್ಟಿನ ಬೂದಿ ನೇರ ಮನೆಗೆ ಬರುತ್ತದೆ. ಗದ್ದೆಯ ನಡುವಿನ ಬಡಾವಣೆಗೆ ಸೊಳ್ಳೆಯೂ ಸೇರುತ್ತದೆ. ಮಿದುಳು ಜ್ವರ ಹರಡುವ ಸೊಳ್ಳೆ ಬೆಳೆಯುವುದು ಭತ್ತದ ಗದ್ದೆಯ ನೀರಿನಲ್ಲೇ, ಹಂದಿ ಸಾಕಿದ ಜಾಗ ಹತ್ತಿರವಿದ್ದರೆ ಅಪಾಯ ಹೆಚ್ಚು. ತಲೆಯ ಮೇಲಿನ ತಂತಿಯನ್ನೂ ನೋಡಿ: 11 ಕೆವಿ ತಂತಿಯಿಂದ ಕಟ್ಟಡಕ್ಕೆ ಅಡ್ಡಲಾಗಿ ಕನಿಷ್ಠ 1.2 ಮೀಟರ್, 33 ಕೆವಿಗೆ 2 ಮೀಟರ್ ಅಂತರ ಬೇಕು. ತಂತಿ ಸರಿಸುತ್ತೇವೆ ಎಂಬ ಬಾಯಿಮಾತಿಗೆ ಬೆಲೆಯಿಲ್ಲ, ವಿದ್ಯುತ್ ಕಂಪನಿ ಜೆಸ್ಕಾಂನ ಅಂದಾಜುಪಟ್ಟಿ ಮತ್ತು ಹಣ ಕಟ್ಟಿದ ರಸೀದಿ ಕೇಳಿ. 2024ರಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ನಿಲ್ದಾಣದ ಹೆಸರು ಹೇಳಿ ಮಾರುವವರು ಹೆಚ್ಚಿದ್ದಾರೆ. ರೈಲ್ವೆ ಗಡಿಯಿಂದ 30 ಮೀಟರ್ ಒಳಗಿನ ಪ್ಲಾಟಾದರೆ ಕಟ್ಟಲು ರೈಲ್ವೆಯ ನಿರಾಕ್ಷೇಪಣೆ ಬೇಕಾಗುತ್ತದೆ.

ಇನ್ನು ಕಾಗದ. ಇಷ್ಟು ಹೊತ್ತು ನೆಲದ ಮಾತಾಡಿದ್ದಕ್ಕೆ ಕಾಗದ ಹಗುರ ಎಂದು ತಿಳಿಯಬೇಡಿ. ಜಮೀನಿನ ಪಹಣಿಯ 11ನೇ ಕಾಲಂ ನೋಡಿ: ಬ್ಯಾಂಕ್ ಸಾಲ, ಕೋರ್ಟ್ ತಡೆ, ಸರ್ಕಾರದ ನಮೂದು ಅಲ್ಲಿರುತ್ತದೆ. ವಿಸ್ತೀರ್ಣದ ಕಾಲಂನಲ್ಲಿ ‘ಬಿ’ ಕರಾಬು ಇದ್ದರೆ ಅದು ಹಳ್ಳವೋ ದಾರಿಯೋ ಆಗಿರುವ ಸಾರ್ವಜನಿಕ ಜಾಗ, ಅದು ಲೇಔಟಿನ ನಕ್ಷೆಯಲ್ಲಿ ಎಲ್ಲಿ ಬಿದ್ದಿದೆ ಎಂದು ಗ್ರಾಮ ನಕ್ಷೆಯ ಜೊತೆ ಇಟ್ಟು ಹೋಲಿಸಿ. ದಿಶಾಂಕ್ ಆ್ಯಪ್ ಹಿಡಿದು ಪ್ಲಾಟಿನಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ಅಂದಾಜು ತಿಳಿಯುತ್ತದೆ, ಗಡಿ ತಕರಾರಿಗೆ ಮಾತ್ರ ಸರ್ವೆಯವರ ಅಳತೆಯೇ ಆಧಾರ. ಜಮೀನು ಸರ್ಕಾರದಿಂದ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾಗಿದ್ದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯ ನಂತರ ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಆದ್ದರಿಂದ ಜಮೀನು ಮೂಲದಲ್ಲಿ ಯಾರಿಗೆ ಹೇಗೆ ಬಂತು ಎಂಬುದರವರೆಗೆ ಮ್ಯುಟೇಶನ್‌ಗಳನ್ನು ಹಿಂದಕ್ಕೆ ಓದಿಸಬೇಕು. ಋಣಭಾರ ಪತ್ರ 30 ವರ್ಷದ್ದು ತೆಗೆಸಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗದ ಹಳೆಯ ವರ್ಷಗಳಿಗೆ ಉಪನೋಂದಣಿ ಕಚೇರಿಗೆ ಹೋಗಬೇಕು.

ಕೃಷಿಯೇತರ ಆದೇಶ, ಅಂದರೆ ಎನ್‌ಎ, ಆಗಿದೆ ಎಂದ ಮಾತ್ರಕ್ಕೆ ಲೇಔಟ್ ಅನುಮೋದನೆ ಆಯಿತು ಎಂದಲ್ಲ. ಎರಡೂ ಬೇರೆ ಆದೇಶಗಳು: ಒಂದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ, ಇನ್ನೊಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿ. ಎನ್‌ಎ ಆದೇಶದ ಷರತ್ತುಗಳನ್ನು ಪೂರ್ತಿ ಓದಿ, ಕಾಲುವೆ ಮತ್ತು ಹಳ್ಳಕ್ಕೆ ಬಿಡಬೇಕಾದ ಜಾಗ ಅಲ್ಲೇ ಬರೆದಿರುತ್ತದೆ. ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಯನ್ನು ಯೋಜನಾ ಪ್ರಾಧಿಕಾರದಿಂದಲೇ ಪಡೆಯಿರಿ, ಮಾರುವವರ ಬಣ್ಣದ ಬ್ರೋಷರ್ ಬೇಡ. ನಿಮ್ಮ ನಂಬರಿನ ಪ್ಲಾಟ್ ಉದ್ಯಾನಕ್ಕೋ ನಾಗರಿಕ ಸೌಲಭ್ಯಕ್ಕೋ ಬಿಟ್ಟ ಜಾಗದಲ್ಲಿ ಇಲ್ಲ ಎಂಬುದನ್ನು, ಪ್ರಾಧಿಕಾರ ಅದನ್ನು ಮಾರಾಟಕ್ಕೆ ಬಿಡುಗಡೆ ಮಾಡಿದೆ ಎಂಬುದನ್ನು ಖಚಿತ ಮಾಡಿಕೊಳ್ಳಿ. ರಸ್ತೆಗೆ ಟೇಪು ಹಿಡಿಯಿರಿ. ನಕ್ಷೆಯಲ್ಲಿ 9 ಮೀಟರ್ ಇದ್ದರೆ ನೆಲದ ಮೇಲೆ ಇಪ್ಪತ್ತೊಂಬತ್ತೂವರೆ ಅಡಿ ಇರಬೇಕು. ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್ ಮೀರಿದ, ಎಂಟಕ್ಕಿಂತ ಹೆಚ್ಚು ಪ್ಲಾಟಿನ ಹೊಸ ಲೇಔಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ನಂಬರನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ನೀವೇ ಹಾಕಿ ನೋಡಿ.

ಗುಂಟೆ ಲೆಕ್ಕದಲ್ಲಿ ಮಾರುವ ಜಾಗದಿಂದ ದೂರವಿರಿ. ಒಂದು ಗುಂಟೆ 1089 ಚದರ ಅಡಿ, ಸುಮಾರು ಒಂದು ಪ್ಲಾಟಿನಷ್ಟೇ, ಆದ್ದರಿಂದ ಕೃಷಿ ಜಮೀನನ್ನೇ ಚೂರು ಮಾಡಿ ಪಹಣಿಯಲ್ಲಿ ಹೆಸರು ಸೇರಿಸಿ ಕೊಡುತ್ತಾರೆ. ರಸ್ತೆ ಯಾರದ್ದೂ ಅಲ್ಲ, ಕಟ್ಟಡ ಪರವಾನಗಿ ಸಿಗದು, ಬ್ಯಾಂಕ್ ಸಾಲ ಕೊಡದು. ಬಿ ಖಾತೆ ಇದೆಯಲ್ಲ ಎನ್ನುತ್ತಾರೆ. ಅದು ತೆರಿಗೆ ಕಟ್ಟಲು ಇರುವ ದಾಖಲೆ, ಬಡಾವಣೆಗೆ ಅನುಮೋದನೆ ಸಿಕ್ಕಂತೆ ಅಲ್ಲ.

ಮುಂಗಡ ಕೊಡುವಾಗ ಸಣ್ಣ ಮೊತ್ತ ಚೆಕ್ಕಿನಲ್ಲೇ ಕೊಟ್ಟು, ಕರಾರಿನಲ್ಲಿ ಮೂರು ಷರತ್ತು ಬರೆಸಿ: ಪರೀಕ್ಷಾ ಗುಂಡಿ ತೆಗೆಯಲು ಒಪ್ಪಿಗೆ, ದಾಖಲೆಗಳಲ್ಲಿ ಅಥವಾ ಮಣ್ಣಿನಲ್ಲಿ ದೋಷ ಕಂಡರೆ ಇಷ್ಟು ದಿನದೊಳಗೆ ಮುಂಗಡ ವಾಪಸ್, ನೋಂದಣಿಗೆ ಮೊದಲು ಚೆಕ್ಕುಬಂದಿಯ ಪ್ರಕಾರ ನಾಲ್ಕೂ ಮೂಲೆಗೆ ಕಲ್ಲು ನೆಟ್ಟು ಅಳತೆ ತೋರಿಸುವುದು. ಗದ್ದೆಯ ಪ್ಲಾಟಾದರೆ ನೋಂದಣಿಯ ದಿನಾಂಕವನ್ನು ಅಕ್ಟೋಬರ್ ದಾಟಿಸಿ ಇಟ್ಟುಕೊಳ್ಳಿ, ಕಾಲುವೆ ತುಂಬಿದಾಗ ಗುಂಡಿ ತೆಗೆಸಿ ನೀರಿನ ಮಟ್ಟ ನೋಡಲು ಅಷ್ಟು ಅವಧಿ ಬೇಕು.